ಎತ್ತಿ ನೋಡುವವನ ಬೆನ್ನು

ಯಾವುದಾದರೂ ಒಂದು ವಿಷಯದಲ್ಲಿ ತಾನೇ ಗಟ್ಟಿಗ ಅನ್ನಿಸದಿದ್ದರೆ ಮನುಷ್ಯನಿಗೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ. ನನಗೆ ಹಾಡಲು ಬರುವುದಿಲ್ಲ, ಭಾಷಣ ಬರುವುದಿಲ್ಲ. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಬಣ್ಣದ ಕಾರ್ಖಾನೆಯ ಕಚೇರಿಯಲ್ಲಿ ಹದಿನೇಳು ವರ್ಷ ಕುರ್ಚಿ ಸವೆಸಿದರೂ ಮ್ಯಾನೇಜರ ಬಾಯಲ್ಲಿ ಚಂದ್ರಶೇಖರನೆಂಬ ನನ್ನ ಹೆಸರು ಇಂದಿಗೂ ನೆಟ್ಟಗೆ ಹೊರಳುವುದಿಲ್ಲ. ಆದರೆ ಊರಿಗೆ ಹೊರಟವರ ಸೂಟ್‌ಕೇಸನ್ನು ನನ್ನ ಮುಂದಿಡಿ. ಒಂದೇ ಒಂದು ಸಲ ಎತ್ತಿ ಇಳಿಸಿ, ಅರ್ಧ ಕಿಲೋ ಆಚೀಚೆ ಇಲ್ಲದಂತೆ ತೂಕ ಹೇಳುತ್ತೇನೆ. ಅಲ್ ಮುರಕ್ಕಬಾತಿನ ಮೂರನೇ ಮಹಡಿಯ ನಮ್ಮ ಮನೆಗೆ ಈ ಕಾರಣಕ್ಕೇ ಜನ ಬರುತ್ತಾರೆ. ಮಂಗಳೂರು, ಉಡುಪಿ, ಕುಂದಾಪುರ ಯಾವ ಕಡೆಯವರೇ ಇರಲಿ, ಮೂವತ್ತು ಕಿಲೋ ಮಿತಿಯ ವಿಮಾನ ಹತ್ತುವ ಮೊದಲು ಬ್ಯಾಗಿನೊಂದಿಗೆ ನಮ್ಮ ಹಾಲಿನಲ್ಲಿ ಹಾಜರು. ನಾನು ಮುಂಗೈ ತಿರುವಿ, ಉಸಿರು ಹಿಡಿದು, ಎತ್ತಿ, ಕಣ್ಣು ಮುಚ್ಚಿ, "ಮೂವತ್ತೊಂದು. ಒಂದು ಖರ್ಜೂರದ ಡಬ್ಬಿ ತೆಗೀರಿ" ಎನ್ನುತ್ತೇನೆ. ಅವರು ತೆಗೆಯುತ್ತಾರೆ. ಆ ಡಬ್ಬಿ ಎಷ್ಟೋ ಸಲ ನಮ್ಮಲ್ಲೇ ಉಳಿದದ್ದಿದೆ, ಅದನ್ನು ಇಲ್ಲಿ ಎತ್ತುವುದು ಬೇಡ.

ಹೀಗಿರುವಾಗ ಎರಡು ತಿಂಗಳ ಹಿಂದೆ ಪರಿಚಯದವರೊಬ್ಬರು ಎರಡು ಕಂಬಳಿ, ಹಾಲಿನ ಪುಡಿ ಮತ್ತು ಒಂದು ಇಡೀ ಗ್ರೈಂಡರನ್ನು ತುಂಬಿದ ಬ್ಯಾಗು ತಂದರು. ಇಲ್ಲಿಂದ ಊರಿಗೆ ಗ್ರೈಂಡರ್ ಏಕೆ ಎಂದು ಕೇಳುವ ಹಕ್ಕು ನನಗಿಲ್ಲ, ನನ್ನದು ತೂಕ ಮಾತ್ರ. ಎತ್ತಿದೆ. ಸೊಂಟದಲ್ಲಿ ಏನೋ ಚಳಕ್ ಎಂದಿತು. ಬ್ಯಾಗು ಕೆಳಗಿಳಿಯಿತು, ನಾನು ಅರ್ಧ ಬಗ್ಗಿದಲ್ಲೇ ಉಳಿದೆ. ಆ ಸ್ಥಿತಿಯಲ್ಲೂ ನೆಲವನ್ನು ನೋಡುತ್ತಾ "ಮೂವತ್ತಮೂರು" ಅಂದೆನಂತೆ. ಹೆಂಡತಿ ಶಶಿಕಲಾ ಇದನ್ನು ಈಗಲೂ ಕಂಡಕಂಡವರಿಗೆಲ್ಲ ಹೇಳಿ ನಗುತ್ತಾಳೆ.

ಮಾತ್ರೆ, ಮುಲಾಮು, ಬಿಸಿನೀರಿನ ಚೀಲ ಎಲ್ಲ ಮುಗಿದ ಮೇಲೆ ಶಶಿಕಲಾ ನನ್ನನ್ನು ಕೈರೋಪ್ರಾಕ್ಟರ್ ಹತ್ತಿರ ಎಳೆದುಕೊಂಡು ಹೋದಳು. ಬೆನ್ನುಮೂಳೆಯನ್ನು ಕೈಯಿಂದಲೇ ಒತ್ತಿ, ತಿರುವಿ ಸರಿಮಾಡುವವರು. ಆರಡಿ ಎತ್ತರದ ಬಿಳಿ ಡಾಕ್ಟರು, ಬಾಗಿಲಿನಷ್ಟು ಅಗಲದ ಭುಜ. ಎಕ್ಸ್‌ರೇ ನೋಡಿ, "ಭಾರ ಎತ್ತುವ ಕೆಲಸವೇ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಇಲ್ಲ, ಕುರ್ಚಿಯ ಕೆಲಸ ಎಂದೆ. ಶಶಿಕಲಾ ಬಿಡಬೇಕಲ್ಲ! ವಾರಕ್ಕೆ ಮೂರು ನಾಲ್ಕು ಜನರ ಸೂಟ್‌ಕೇಸ್ ಎತ್ತುತ್ತಾರೆ ಎಂದು ವರದಿ ಒಪ್ಪಿಸಿಬಿಟ್ಟಳು. ಡಾಕ್ಟರು ನನ್ನನ್ನು ಬಹಳ ಹೊತ್ತು ನೋಡಿ, ಅದಕ್ಕೆಂದೇ ಯಂತ್ರ ಇದೆಯಲ್ಲ ಎಂದರು. ಯಂತ್ರಕ್ಕೆ ಅನುಭವ ಎಲ್ಲಿಂದ ಬರಬೇಕು ಎನ್ನುವುದು ನಾಲಿಗೆ ತುದಿಯಲ್ಲಿತ್ತು. ಇಂಗ್ಲಿಷಿನಲ್ಲಿ ಹೊರಡಲಿಲ್ಲ.

ಆಮೇಲೆ ಮೇಜಿನ ಮೇಲೆ ಮಗ್ಗುಲಾಗಿ ಮಲಗಿಸಿ, "ಮೈ ಸಡಿಲ ಬಿಡಿ" ಎಂದರು. ಬಿಟ್ಟೆ. "ಇನ್ನೂ ಬಿಡಿ." ನನ್ನ ಹತ್ತಿರ ಬಿಡಲು ಇನ್ನೇನೂ ಉಳಿದಿರಲಿಲ್ಲ. ನಿಜ ಹೇಳಬೇಕೆಂದರೆ ನಾನು ಹುಟ್ಟಿದಾಗಿನಿಂದ ಸಡಿಲವಾಗಿ ಮಲಗಿದವನೇ ಅಲ್ಲ. ಸಿಗ್ನಲ್ಲಿನಲ್ಲಿ ಕಾರು ನಿಂತರೆ ಕಾಲು ಕುಣಿಸುವವ, ಲಿಫ್ಟಿನ ಗುಂಡಿಯನ್ನು ನಾಲ್ಕು ಸಲ ಒತ್ತುವವ. ಡಾಕ್ಟರು ಊರಿನ ವಿಷಯ ಏನೋ ಕೇಳಿದರು, ನಾನು ಬಾಯಿ ತೆರೆದೆ, ಅಷ್ಟರಲ್ಲಿ ಭುಜ ಒಂದು ಕಡೆ ಸೊಂಟ ಒಂದು ಕಡೆ ತಿರುಗಿ ಲಟಲಟ ಸದ್ದಾಯಿತು. ನನ್ನ ಕಥೆ ಮುಗಿಯಿತು ಅಂದುಕೊಂಡೆ. ಎದ್ದು ನಿಂತರೆ ಆಶ್ಚರ್ಯ, ತಿಂಗಳ ಮೇಲೆ ಮೊದಲ ಬಾರಿಗೆ ನೆಟ್ಟಗೆ ನಿಂತಿದ್ದೆ. ಡಾಕ್ಟರು ಬೆರಳೆತ್ತಿ ಎಚ್ಚರಿಸಿದರು. ಆರು ವಾರ ನೀರಿನ ಬಾಟಲಿಗಿಂತ ಭಾರವಾದದ್ದನ್ನು ಮುಟ್ಟಬಾರದು. ಮುಟ್ಟಿದರೆ ಮತ್ತೆ ಅವರ ಬಳಿಗಲ್ಲ, ನೇರ ಆಪರೇಷನ್ನಿಗೆ.

ಬೆನ್ನಿನ ನೋವು ಕಡಿಮೆಯಾಯಿತು, ಒಳಗಿನ ಚಡಪಡಿಕೆ ಹೆಚ್ಚಿತು. ಬ್ಯಾಗು ಎತ್ತದವನ ಮನೆಗೆ ಜನ ಏಕೆ ಬಂದಾರು? ಎರಡು ವಾರ ಕರೆಗಂಟೆ ಬಾರಿಸಿದವನು ನೀರಿನ ಕ್ಯಾನಿನವನು ಮಾತ್ರ. ನಾನು ಹಾಲಿನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಹಾಲಿಗೆ ನಡೆದೆ. ಮಗಳು ಕಂಪ್ಯೂಟರಿನಿಂದ ತಲೆ ಎತ್ತದೆ, "ಪಪ್ಪಾ, ಪ್ಲೀಸ್ ಸಿಟ್ ಡೌನ್" ಎಂದಳು. ಕುಳಿತರೆ ಇನ್ನೂ ಕಷ್ಟ. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಹೆದರಿಕೆಯಾಗಿತ್ತು.

ಮೊನ್ನೆ ಶುಕ್ರವಾರ ಸಂಜೆ ಹಮೀದ್ ಬಂದ. ಉಳ್ಳಾಲದ ಬ್ಯಾರಿ, ಹತ್ತು ವರ್ಷದ ಸ್ನೇಹಿತ, ಮರುದಿನ ಊರಿಗೆ ಹೊರಟಿದ್ದ. ನಾನು ಒಳಗೆ ಬೆನ್ನಿಗೆ ದಿಂಬು ಕೊಟ್ಟು ಮಲಗಿದ್ದೆ. ಹಾಲಿನಿಂದ ಅವನ ತಗ್ಗಿದ ದನಿ ಕೇಳಿಸಿತು.

"ಅಕ್ಕಾ, ಶೇಖರಣ್ಣನನ್ನು ಏಳಿಸುದು ಬೇಡ. ಕೆಳಗೆ ಗ್ರೋಸರಿಯಲ್ಲಿ ತಕ್ಕಡಿ ಉಂಟಲ್ಲ, ಯಾವಾಗ್ಲೂ ಇಲ್ಲಿಂದ ಇಳಿದು ಅಲ್ಲೇ ಅಲ್ವಾ ನಾವೆಲ್ಲ ತೂಕ ಮಾಡುದು."

"ಮೆಲ್ಲಗೆ ಮಾತಾಡಿ ಮಾರಾಯ್ರೆ, ಅವರಿಗೆ ಕೇಳ್ತದೆ" ಎಂದಳು ಶಶಿಕಲಾ. ಅಂದರೆ ಅವಳಿಗೂ ಗೊತ್ತಿತ್ತು!

ಡಾಕ್ಟರು ಕಲಿಸಿದಂತೆ ಮಗ್ಗುಲಾಗಿ ಎದ್ದು ಹೊರಗೆ ಬಂದೆ. ಹಮೀದನ ಮುಖ ಸಣ್ಣದಾಯಿತು. "ಎಷ್ಟು ವರ್ಷದಿಂದ?" ಎಂದೆ.

"ಸುರುವಿನಿಂದಲೇ, ಶೇಖರಣ್ಣ. ಮೊದಲ ಸಲ ನೀವು ಮೂವತ್ತು ಅಂದದ್ದು ಏರ್‌ಪೋರ್ಟಿನಲ್ಲಿ ಮೂವತ್ತಾರು ಆಯ್ತು. ಕೌಂಟರಿನ ಎದುರು ಬ್ಯಾಗು ಬಿಚ್ಚಿ ನಾಲ್ಕು ಶರ್ಟು ಒಂದರ ಮೇಲೊಂದು ಹಾಕಿಕೊಂಡು ಹೋದೆ."

"ಮತ್ತೆ ಇಲ್ಲಿಗೆ ಎಂಥಕ್ಕೆ ಬರುದು?"

"ನೀವು ಒಮ್ಮೆ ಎತ್ತಿ ನೋಡದಿದ್ದರೆ ಊರಿಗೆ ಹೊರಟ ಹಾಗೇ ಆಗುದಿಲ್ಲ ಮಾರಾಯ್ರೆ. ಮತ್ತೆ ಅಕ್ಕನ ಚಾ."

ನನಗೆ ಸಿಟ್ಟು ಬಂದಿತ್ತು, ಆದರೆ ಎಲ್ಲಿಡುವುದೆಂದು ತಿಳಿಯಲಿಲ್ಲ. ಶಶಿಕಲಾ ಚಹಾ ತಂದಳು. ಕುಡಿದೆವು. ಬ್ಯಾಗು ನಮ್ಮ ನಡುವೆ ನಿಂತೇ ಇತ್ತು, ನನ್ನ ಕೈಗೆ ತಡೆಯಲಾಗಲಿಲ್ಲ. ಎತ್ತಲಿಲ್ಲ, ಡಾಕ್ಟರ ಆಣೆ. ಹಿಡಿಯ ಮೇಲೆ ಬರಿದೇ ಕೈಯಿಟ್ಟು, ಕಣ್ಣು ಮುಚ್ಚಿ, "ಇಪ್ಪತ್ತೊಂಬತ್ತೂವರೆ" ಎಂದೆ. ಹಮೀದ್ ಗಂಭೀರವಾಗಿ ತಲೆಯಾಡಿಸಿ, "ಸಾಕು, ಖಲಾಸ್. ಆದ್ರೂ ಕೆಳಗೆ ಒಮ್ಮೆ ಹಾಕಿ ಫೋನ್ ಮಾಡ್ತೇನೆ" ಎಂದು ಇಳಿದುಹೋದ.

ನಾನು ಬಾಲ್ಕನಿಗೆ ಹೋದೆ. ಹಮೀದ್ ಗ್ರೋಸರಿಯ ಕಡೆ ತಿರುಗಿಯೂ ನೋಡದೆ ಬ್ಯಾಗನ್ನು ಸೀದಾ ಕಾರಿನ ಡಿಕ್ಕಿಯಲ್ಲಿಟ್ಟ, ಬಾಗಿಲು ಹಾಕಿದ, ಜೇಬಿನಿಂದ ಫೋನ್ ತೆಗೆದ. ನನ್ನ ಫೋನ್ ಬಡಿದುಕೊಂಡಿತು.

"ಶೇಖರಣ್ಣ, ತಕ್ಕಡಿಯಲ್ಲಿ ಹಾಕಿದೆ. ಸರೀ ಇಪ್ಪತ್ತೊಂಬತ್ತೂವರೆ! ಅರ್ಧ ಗ್ರಾಂ ಕೂಡ ಆಚೆ ಈಚೆ ಇಲ್ಲ."

ಅವನು ತಲೆ ಎತ್ತಿದರೆ ನಾನು ಕಾಣಿಸಿಯೇನೆಂದು ಒಂದು ಹೆಜ್ಜೆ ಹಿಂದೆ ಸರಿದು ನಿಂತು, "ನಾನು ಹೇಳಿದ್ದೆನಲ್ಲ!" ಎಂದೆ.