ಗರಗದ ರಸಕ್ಕೆ ತಲೆ ಕೊಟ್ಟದ್ದು

ಮಗಳ ನಿಶ್ಚಿತಾರ್ಥಕ್ಕೆ ಮೂರೇ ದಿನವಿತ್ತು. ನನ್ನ ಚಿಂತೆ ಒಂದೇ, ಫೋಟೋ. ಬೀಗರು ನನ್ನ ವಾರಿಗೆಯವರೇ, ಆದರೆ ಅವರಿಗೆ ತಲೆತುಂಬ ಕೂದಲು, ನನ್ನದು ಬೋಳುತಲೆ! ಪಕ್ಕದಲ್ಲಿ ನಿಂತರೆ ನಾನು ಹುಡುಗಿಯ ಅಜ್ಜನಂತೆ ಕಾಣುವುದು ಖಚಿತ.

"ಅವರು ನಿಮ್ಮ ತಲಿ ಆಗಲೇ ನೋಡ್ಯಾರಲ್ರಿ," ಎಂದಳು ಹೆಂಡತಿ.

ಎಲ್ಲರೂ ಮಾವಶಿ ಎಂದು ಕರೆಯುವ ಪಕ್ಕದ ಮನೆಯ ಮುದುಕಿಗೆ ಮಾತ್ರ ಕನಿಕರ ಬಂತು. "ಗರಗ ತಂದು ಕೊಬ್ಬರಿ ಎಣ್ಣ್ಯಾಗ ಕುದಿಸಿ ಹಚ್ರಿ. ಮೂರು ತಿಂಗಳದಾಗ ಕೂದಲಾ ಬರ್ತಾವ."

ಮರಾಠಿಯವರು ಮಾಕಾ, ಆಯುರ್ವೇದದವರು ಭೃಂಗರಾಜ ಎನ್ನುವ ಈ ಗರಗದ ಗಿಡ, ಸಾಂಗ್ಲಿ ಹತ್ತಿರದ ಕಸಬೆ ಡಿಗ್ರಜದ ಹೊಳೆಯಂಚಿನ ಕೆಸರಿನಲ್ಲಿ ಪುಟ್ಟ ಬಿಳಿ ಹೂ ಬಿಟ್ಟುಕೊಂಡು ಬೇಕಾದಷ್ಟು ಬೆಳೆದಿತ್ತು. ಒಂದು ಚೀಲ ಕಿತ್ತು ತಂದೆ. ಮೂರು ತಿಂಗಳು ಕಾಯಲು ಸಮಯವಿರಲಿಲ್ಲ. ಎಣ್ಣೆಯೆಂಬ ಮಧ್ಯವರ್ತಿಯನ್ನು ತೆಗೆದುಹಾಕಿದರೆ ಫಲ ಬೇಗ ಸಿಗಲೇಬೇಕೆಂದು ತೀರ್ಮಾನಿಸಿ, ಹಸಿ ಗಿಡವನ್ನೇ ಅರೆದು ರಸವನ್ನು ತಲೆಗೆ ಸುರಿದುಕೊಂಡೆ.

ಹಸಿರು ರಸ ಅರ್ಧ ತಾಸಿನಲ್ಲಿ ಕಪ್ಪಾಯಿತು. ತಲೆ, ಹಣೆ, ಎರಡೂ ಅಂಗೈ!

"ತಲಿ ಹಂಚಿನ ತಳಾ ಆಗೇತಲ್ರಿ," ಎಂದು ಹೆಂಡತಿ ನಿಂಬೆಹಣ್ಣು, ಕಡಲೆಹಿಟ್ಟು ಹಾಕಿ ಎರಡು ದಿನ ತಿಕ್ಕಿದಳು. ಹಣೆ, ಕೈ ಬೆಳ್ಳಗಾದವು. ತಲೆ ಆಗಲಿಲ್ಲ.

"ಅಪ್ಪಾ, ನಾಳೆ ನೀವು ನನ್ನ ಬಾಜೂಕ ನಿಂದರಬ್ಯಾಡ್ರಿ," ಎಂದಳು ಮಗಳು. ಅವಳ ಕಣ್ಣಲ್ಲಿ ನೀರಿತ್ತು. ನಾನು ಎದ್ದು ಹೋಗಿ ಹಳೆಯ ಟೋಪಿ ಹುಡುಕಿಟ್ಟೆ.

ಮರುದಿನ ವಿಶ್ರಾಮಬಾಗದ ಮಂಗಲ ಕಾರ್ಯಾಲಯದಲ್ಲಿ ಟೋಪಿ ಹಾಕಿಕೊಂಡು ಕಂಬದ ಹಿಂದೆ ನಿಂತೆ. ಬೀಗರ ಕಡೆಯವರೊಬ್ಬರು ಹುಡುಕಿಕೊಂಡು ಬಂದು, ಟೋಪಿಯ ಮೇಲೆಯೇ ನನಗೆ ಕೇಸರಿ ಫೇಟಾ ಸುತ್ತಿದರು. ನಮ್ಮ ಸಾಂಗ್ಲಿ-ಮಿರಜದಲ್ಲಿ ಇಂಥ ಕಾರ್ಯಕ್ಕೆ ಗಂಡಸರಿಗೆಲ್ಲ ಫೇಟಾ ಸುತ್ತುತ್ತಾರೆ. ಮೂವತ್ತು ವರ್ಷ ಊರವರ ಮದುವೆ ಉಂಡವನಿಗೆ ಇದೊಂದು ನೆನಪಾಗಿರಲಿಲ್ಲ. ಈಗ ಬೀಗರ ತಲೆಯೂ ನನ್ನ ತಲೆಯೂ ಒಂದೇ!

"ಅಪ್ಪಾ, ಬರ್ರಿ," ಎಂದು ಮಗಳೇ ಕೈಹಿಡಿದು ಪಕ್ಕದಲ್ಲಿ ನಿಲ್ಲಿಸಿಕೊಂಡಳು. ಫೋಟೋ ಚೆನ್ನಾಗಿ ಬಂತು.

ಊಟಕ್ಕೆ ಕೂತಾಗ ಬೀಗರು ಫೇಟಾ ತೆಗೆದಿಟ್ಟರು. "ನೀವೂ ತೆಗೀರಿ, ಸೆಕಿ ಭಾಳ ಐತಿ."

"ಮಾನದ ಫೇಟಾ ರಿ," ಎಂದೆ. "ಊಟಾ ಆಗೂತನಕ ತೆಗೆಯಂಗಿಲ್ಲ."

ಬೀಗರು ನನಗೆ ಕೈಮುಗಿದರು. "ಹಿರ್ಯಾರ ಪದ್ಧತಿ ಅಂದ್ರ ಹಿಂಗಿರಬೇಕು ನೋಡ್ರಿ," ಎಂದು ತಮ್ಮ ಫೇಟಾ ಮತ್ತೆ ಹಾಕಿಕೊಂಡರು. ಅವರನ್ನು ನೋಡಿ ಪಂಕ್ತಿಯ ಗಂಡಸರೆಲ್ಲ ಹಾಕಿಕೊಂಡು, ಬೆವರು ಸುರಿಸುತ್ತ ಉಂಡರು.

ಪದ್ಧತಿ ಕಾಪಾಡಿದ ನಾನು ತಲೆ ತಗ್ಗಿಸಿ ಶ್ರೀಖಂಡ ತಿಂದೆ, ಒಂದು ಕೈಯಲ್ಲಿ ಫೇಟಾ ಗಟ್ಟಿಯಾಗಿ ಹಿಡಿದುಕೊಂಡು.