ಪಾಸಾದವರಿಗೆ ಪ್ರವೇಶವಿಲ್ಲ

ಫೇಲಾದವರನ್ನು ನಮ್ಮ ಮೇಷ್ಟ್ರಷ್ಟು ಪ್ರೀತಿಸುವ ಮನುಷ್ಯ ಬೆಂಗಳೂರಿನ ವಿಜಯನಗರದಲ್ಲಿರಲಿ, ಮೂರು ಲೋಕದಲ್ಲೂ ಸಿಗಲಾರ. ರಿಸಲ್ಟಿನ ದಿನ ಬೇರೆ ಮೇಷ್ಟ್ರುಗಳು ರ‍್ಯಾಂಕ್ ಬಂದವರ ಪಕ್ಕ ನಿಂತು ಫೋಟೊ ತೆಗೆಸಿಕೊಂಡರೆ, ಇವರು ಆರ್‌ಪಿಸಿ ಲೇಔಟಿನ ಸೈಬರ್ ಸೆಂಟರಿನ ಎದುರು ಛತ್ರಿ ಹಿಡಿದು ಕಾಯುತ್ತಿದ್ದರು. ಯಾರಿಗಾಗಿ? ಕಣ್ಣೊರೆಸಿಕೊಂಡು ಹೊರಬರುವವರಿಗಾಗಿ! ಹೆಗಲ ಮೇಲೆ ಕೈಹಾಕಿ ಪಕ್ಕದ ದರ್ಶಿನಿಗೆ ಕರೆದೊಯ್ದು ಮಸಾಲೆ ದೋಸೆ ಕೊಡಿಸುವುದು ಅವರ ಪದ್ಧತಿ. ಒಮ್ಮೆ ಅರ್ಧ ದೋಸೆ ತಿಂದ ಹುಡುಗಿಯೊಬ್ಬಳು, ಲೆಕ್ಕದಲ್ಲಿ ನೂರಕ್ಕೆ ತೊಂಬತ್ತೆಂಟೇ ಬಂತೆಂದು ಬಿಕ್ಕಿದಳಂತೆ. ಮೇಷ್ಟ್ರಿಗೆ ಮೋಸಹೋದಂತಾಯಿತು. “ಬೇಗ ತಿನ್ನಮ್ಮಾ, ಅಲ್ಲಿ ನಿಜವಾಗ್ಲೂ ಅಳೋರು ಕಾಯ್ತಾ ಇರ್ತಾರೆ” ಎಂದು ಎದ್ದೇಬಿಟ್ಟರಂತೆ.

ನಾನು ನಿಜವಾಗಿಯೂ ಅತ್ತು ದೋಸೆ ತಿಂದವನು. ಸೆಕೆಂಡ್ ಪಿಯುಸಿ ಲೆಕ್ಕದಲ್ಲಿ ಡುಮ್ಕಿ ಹೊಡೆದಿದ್ದೆ. ನನ್ನ ತಲೆಯೊಳಗೆ ಏನಿದೆ ಎಂಬುದಕ್ಕೆ ಕಾಲೇಜಿನ ಲೆಕ್ಚರರು ಜೇಡಿಮಣ್ಣು, ಸಗಣಿ ಎಂಬ ಎರಡು ಸಾಧ್ಯತೆಗಳನ್ನು ಮುಂದಿಟ್ಟಿದ್ದರು. ನಾಯಂಡಹಳ್ಳಿಯಲ್ಲಿ ವೆಲ್ಡಿಂಗ್ ಮಾಡುತ್ತಿದ್ದ ಅಪ್ಪ, ಓದು ನಮ್ಮಂಥವರಿಗೆ ಆಗಿಬರುವುದಿಲ್ಲ, ನಾಳೆಯಿಂದ ಶಾಪಿಗೆ ಬಾ ಎಂದರು.

ಮೇಷ್ಟ್ರು ಬೈಯಲೂ ಇಲ್ಲ, ಸಮಾಧಾನ ಹೇಳಲೂ ಇಲ್ಲ. ಮಹಡಿಯ ಮೇಲೆ ತಾವೊಬ್ಬರೇ ಇದ್ದ ಮನೆಯಲ್ಲಿ, ಫೇಲಾದ ಇತರ ಹುಡುಗರ ನಡುವೆ ಕೂರಿಸಿ, ಒಂದೊಂದೇ ಲೆಕ್ಕ ಕೊಡುತ್ತಾ ಹಿಂದೆ ಹಿಂದೆ ಹೋದರು. ಪಿಯುಸಿಯಿಂದ ಹತ್ತನೆಯದಕ್ಕೆ, ಅಲ್ಲಿಂದ ಏಳಕ್ಕೆ, ಪ್ಲಂಬರು ನೀರು ಸೋರುವ ಜಾಗ ಹುಡುಕುವ ಹಾಗೆ. ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸು ಎಂದಾಗ, ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ, ಐದನೇ ಎರಡು ಎಂದು ಧೈರ್ಯವಾಗಿ ಬರೆದೆ. ಕೂಡಿಸಿದ ಮೇಲೆ ಮೊದಲಿದ್ದ ಅರ್ಧವೂ ಉಳಿಯಲಿಲ್ಲ! ಮೇಷ್ಟ್ರ ಮುಖ ಅರಳಿತು.

“ನೀನು ಪಿಯುಸೀಲಿ ಫೇಲಾಗಿಲ್ಲ ಕಣಯ್ಯಾ. ಐದನೇ ಕ್ಲಾಸಲ್ಲೇ ಆಗಿದೀಯ. ಸುದ್ದಿ ಈಗ ಬಂತು, ಅಷ್ಟೆ.”

ಮೀಸೆ ಬಂದವನು ಐದನೇ ಕ್ಲಾಸಿನಿಂದ ಮತ್ತೆ ಓದಿದೆ. ಸಪ್ಲಿಮೆಂಟರಿಯಲ್ಲಿ ಪಾಸಾಗಿ, ಸಿಹಿ ಹಿಡಿದು ಓಡಿದರೆ ಮೇಷ್ಟ್ರು ಮೆಟ್ಟಿಲಲ್ಲೇ ತಡೆದರು. ಪಾಸಾದವನು ಆ ಮೆಟ್ಟಿಲು ಹತ್ತಕೂಡದೆಂಬುದು ಅವರ ಕಾನೂನು. ಪಾಸಾದವನೊಬ್ಬ ಪಕ್ಕದಲ್ಲಿ ಕೂತಿದ್ದರೆ ಫೇಲಾದವನಿಗೆ ಪ್ರಶ್ನೆ ಕೇಳಲು ನಾಚಿಕೆಯಾಗುತ್ತದಂತೆ. ಸಿಹಿ ಒಳಗೆ ಹೋಯಿತು, ನಾನು ಹೊರಗೆ ಉಳಿದೆ.

ಮುಂದೆ ಬಿಎಸ್ಸಿ ಮುಗಿಸಿದೆ. ನಮ್ಮ ವಂಶದಲ್ಲೇ ಮೊದಲ ಡಿಗ್ರಿ. ಹೇಳಿಕೊಳ್ಳಲು ನನಗೆ ಈಗಲೂ ಸಂಕೋಚವಿಲ್ಲ. ಆದರೆ ಹೇಳಿಕೊಳ್ಳಲು ಜನ ಬೇಕಲ್ಲ? ಅಮ್ಮ ದೇವರಿಗೆ ದೀಪ ಹಚ್ಚಿ, ಇನ್ನು ಓದುವುದೇನೂ ಉಳಿದಿಲ್ಲ ತಾನೇ ಎಂದಳು. ಅಪ್ಪ ಶಾಪಿನವರಿಗೆಲ್ಲ ಟೀ ಕುಡಿಸಿದರು. ಯಾವುದರಲ್ಲಿ ಡಿಗ್ರಿ ಎಂದು ಯಾರೋ ಕೇಳಿದ್ದಕ್ಕೆ ದೊಡ್ಡದರಲ್ಲಿ ಎಂದರು. ಅರ್ಧಕ್ಕೆ ಮೂರನೇ ಒಂದು ಕೂಡಿಸಲಾಗದವನು ಲೆಕ್ಕದಲ್ಲೇ ಡಿಗ್ರಿ ತೆಗೆದ ತಮಾಷೆ ಅರ್ಥವಾಗುವ ಮನುಷ್ಯ ಇಡೀ ಬೆಂಗಳೂರಿನಲ್ಲಿ ಒಬ್ಬರೇ ಇದ್ದರು. ಅವರ ಮನೆಯ ಮೆಟ್ಟಿಲನ್ನು ನಾನು ಹತ್ತುವಂತಿರಲಿಲ್ಲ.

ಆದರೂ ಸಂಜೆ ಹೋಗಿ ಕೆಳಗೆ ನಿಂತೆ. ಹಿಂದೆ ಅಲ್ಲಿ ಹುಡುಗರ ಚಪ್ಪಲಿಗಳ ರಾಶಿ ಇರುತ್ತಿತ್ತು. ಅಂದು ಮೇಷ್ಟ್ರದೊಂದೇ ಜೊತೆ.

“ಯಾವುದ್ರಲ್ಲಿ ಫೇಲಯ್ಯಾ?” ಮೇಲಿನಿಂದ ದನಿ ಬಂತು. ಆ ದನಿಯಲ್ಲಿ ಆಸೆಯಿತ್ತು.

“ಎಲ್ಲಾ ಪಾಸು ಸಾರ್. ಬಿಎಸ್ಸಿ. ಮ್ಯಾಥ್ಸು.”

ಆಮೇಲೆ ಮೇಷ್ಟ್ರು ಗೋಡೆ ಹಿಡಿದುಕೊಂಡು ನಿಧಾನವಾಗಿ ಇಳಿದು ಬಂದರು. ಈ ಸಲ ತಮ್ಮ ಹುಡುಗರೆಲ್ಲ ಪಾಸಾಗಿಬಿಟ್ಟರೆಂದು, ಕಳ್ಳತನವಾದವರು ದೂರು ಕೊಡುವ ಹಾಗೆ ಹೇಳಿದರು. ಕೆಳಗಿನ ಮೆಟ್ಟಿಲ ಮೇಲೆ ಕೂತು, ಪಕ್ಕದ ಧೂಳನ್ನು ಅಂಗೈಯಿಂದ ಒರೆಸಿದರು.

“ಹತ್ತಬಾರ್ದು ಅಂದಿದ್ದೆ. ಕೂರಬಾರ್ದು ಅಂತ ಯಾವತ್ತಾದ್ರೂ ಅಂದಿದೀನಾ?”