ಕೌದಿಯೊಳಗಿನ ಚಿಟ್ಟೆಗಳು

ತಸ್ಲೀಮ್ ಚಿಟ್ಟೆಯ ಪಾಠವನ್ನು ಅಷ್ಟು ಚೆನ್ನಾಗಿ ಮಾಡಬಾರದಿತ್ತು.

ಬುಧವಾರ ಮಧ್ಯಾಹ್ನ ಯುಕೆಜಿಯ ಹದಿನಾರು ಮಕ್ಕಳನ್ನು ನೆಲದ ಮೇಲೆ ತೆವಳಿಸಿ ಹುಳ ಮಾಡಿದಳು. ಕೊತ್ತಂಬರಿ ಎಲೆ ತಿನ್ನಿಸಿದಳು. ಆಮೇಲೆ ತನ್ನ ದುಪಟ್ಟಾ ಮೈತುಂಬ ಸುತ್ತಿಕೊಂಡು, "ಹುಳ ಹಿಂಗೆ ಗೂಡು ಸುತ್ಕೊಂಡು ಸುಮ್ನೆ ಮಲಗ್ತೈತೆ. ಉಣ್ಣಲ್ಲ, ಮಾತಾಡಲ್ಲ. ಆಮೇಲೆ ರೆಕ್ಕೆ ಬರ್ತಾವೆ," ಎಂದಳು. ಇದು ಹುಳಕ್ಕೆ ಮಾತ್ರ ಎಂದು ಹೇಳುವಷ್ಟರಲ್ಲಿ ಗಂಟೆ ಹೊಡೆಯಿತು.

ಗುರುವಾರ ಬೆಳಗ್ಗೆ ಕೆ.ಬಿ. ಬಡಾವಣೆಯ ಆ ಶಾಲೆಯಲ್ಲಿ ಯುಕೆಜಿಯ ಒಂದು ಮಗುವೂ ಇರಲಿಲ್ಲ.

ಹನ್ನೊಂದಕ್ಕೆ ಆಡಳಿತ ಮಂಡಳಿಯ ಕಾರ್ಯದರ್ಶಿ ಬಂಗಾರಪ್ಪನವರು ಹರಿಹರದಿಂದ ಬಂದು ಅವಳ ಪಾಠ ನೋಡುವವರಿದ್ದರು. ಮೆಚ್ಚಿದರೆ ಕಾಯಂ ಮಾಡುವ ಆದೇಶಕ್ಕೆ ಸಹಿ. ಅದಕ್ಕೆ ಇವತ್ತೇ ಕೊನೆಯ ದಿನ. ನಾಲ್ಕು ವರ್ಷದಿಂದ 'ತಾತ್ಕಾಲಿಕ' ಎಂಬ ಪದ ಚಪ್ಪಲಿಗೆ ಮೆತ್ತಿದ ಚೂಯಿಂಗ್ ಗಮ್ಮಿನಂತೆ ಅವಳ ಹಿಂದೆಯೇ ನಡೆದು ಬಂದಿತ್ತು.

ಮೊದಲ ಫೋನು ಅರ್ಬಾಜನ ತಾಯಿ ಹಜೀರಾಬೀಯದು. "ಏನ್ ಕಲಿಸೀರಿ ಮಿಸ್? ಹುಡುಗ ಕೌದಿ ಬಿಟ್ಟು ಹೊರಗೆ ಬರವಲ್ಲ. ಹಾಲು ಬ್ಯಾಡಂತೆ, ಮಾತಿಲ್ಲ. ನಮ್ಮತ್ತೆ ತಾಯತ ಕಟ್ಟಿಸಬೇಕು ಅಂತ ಕುಂತಾರೆ."

ಆಯಾ ದುರುಗವ್ವನನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ತಸ್ಲೀಮ್ ಮನೆ ಮನೆ ತಿರುಗಿದಳು. ಎಲ್ಲ ಕಡೆಯೂ ಒಂದೇ ನೋಟ: ಮಂಚದ ಮೇಲೊಂದು ಕೌದಿಯ ಸುರುಳಿ, ಸುತ್ತ ಅಕ್ಕಪಕ್ಕದವರು. ಒಬ್ಬರು ರಕ್ತ ಪರೀಕ್ಷೆ ಎಂದರು, ಇನ್ನೊಬ್ಬರು ದೃಷ್ಟಿ ಎಂದರು, ಮತ್ತೊಬ್ಬರು ಈಗಿನ ಮಿಸ್ಸುಗಳ ಓದಿನ ಬಗ್ಗೆಯೇ ಸಂಶಯ ಪಟ್ಟರು. ಬೆಳಗಿನ ಐದಕ್ಕೆ ಎದ್ದು ರೊಟ್ಟಿ ಬಡಿದು ಬಂದಿದ್ದ ತಸ್ಲೀಮಳಿಗೆ ಆ ಸುರುಳಿಗಳ ಮೇಲೆ ಸಿಟ್ಟಿಗಿಂತ ಹೊಟ್ಟೆಕಿಚ್ಚೇ ಹೆಚ್ಚಾಯಿತು. ಸುತ್ತಿಕೊಂಡು ಮಲಗು, ಯಾರೂ ಎಬ್ಬಿಸುವುದಿಲ್ಲ ಎಂದು ಅವಳಿಗೆ ಯಾವ ಮಿಸ್ಸೂ ಹೇಳಿಕೊಟ್ಟಿರಲಿಲ್ಲ.

ಬೈದರೂ ಒಂದು ಗೂಡೂ ಅಲುಗಲಿಲ್ಲ. ಕೊನೆಗೆ ಅರ್ಬಾಜನ ಕೌದಿಯ ಹತ್ತಿರ ಬಾಗಿ, ರೆಕ್ಕೆ ಬರುವುದು ಮನೆಯಲ್ಲಲ್ಲ, ಹನ್ನೊಂದಕ್ಕೆ ಶಾಲೆಯಲ್ಲಿ ಎಂದು ಗುಟ್ಟು ಹೇಳಿದಳು. ಸುರುಳಿ ದಡಕ್ಕನೆ ಎದ್ದು ಕುಳಿತಿತು. ಅದೇ ಗುಟ್ಟು ಇನ್ನೂ ಹದಿಮೂರು ಮನೆಗಳಲ್ಲಿ ಕೆಲಸ ಮಾಡಿತು. ಆಮ್ನಾ ಮಾತ್ರ ಕೌದಿ ಬಿಚ್ಚಲು ಒಪ್ಪಲಿಲ್ಲ. ದುರುಗವ್ವ ಅವಳನ್ನು ಸುತ್ತಿದ್ದಂತೆಯೇ ಹಾಸಿಗೆ ಅಂಗಡಿಯ ಮಾಲಿನ ಹಾಗೆ ಹೆಗಲಿಗೇರಿಸಿಕೊಂಡು ಬಂದಳು.

ಹನ್ನೊಂದಕ್ಕೆ ಹದಿನಾಲ್ಕು ಚಿಟ್ಟೆಗಳು ರೆಕ್ಕೆಯಂತೆ ಕೈ ಬಡಿಯುತ್ತ, ಒಂದು ಗೂಡು ಮಲಗಿಕೊಂಡೇ ಸಿದ್ಧವಾಗಿದ್ದವು. ಬಂಗಾರಪ್ಪನವರು ಬರಲಿಲ್ಲ. ಹರಿಹರದಿಂದಲೇ ಶಾಲೆಗೆ ಬರುವ ಅವರ ಮೊಮ್ಮಗಳು ತನುಶ್ರೀಯೇ ತರಗತಿಯ ಹದಿನಾರನೆಯವಳು, ಅವಳೂ ಇಲ್ಲ. ಹನ್ನೆರಡಾಯಿತು. ಫೋನು ಎತ್ತುವವರಿಲ್ಲ.

ಹೆಡ್‌ಮಾಸ್ತರ ಜಮಾಲುದ್ದೀನ್ ಸಾಹೇಬರು ಫೈಲನ್ನು ಅವಳ ಕೈಗಿತ್ತರು. "ಹರಿಹರಕ್ಕೆ ನೀವೇ ಹೋಗ್ರಿ. ಪಾಠದ ವಿಷಯ ನಾನು ಬರೆದೀನಿ. ಸಂಜೆಯೊಳಗೆ ಸಹಿ ಬೀಳದಿದ್ರೆ ಮತ್ತೊಂದು ವರ್ಷ ತಾತ್ಕಾಲಿಕಾನೇ."

ಹರಿಹರದಲ್ಲಿ ಬಸ್ಸಿಳಿದು, ಬೆವರೊರೆಸಿಕೊಂಡು ತಸ್ಲೀಮ್ ಬಂಗಾರಪ್ಪನವರ ಮನೆಯ ಬಾಗಿಲು ಬಡಿದಳು. ತನುಶ್ರೀಯ ತಾಯಿ ತೆರೆದವರೇ ತಲೆ ಚಚ್ಚಿಕೊಂಡರು. "ಬರ್ರಿ ಮಿಸ್. ಅವಳನ್ನ ಎಬ್ಬಿಸ್ತೀನಿ ಅಂತ ನಮ್ಮ ಮಾವ ಬೆಳಗ್ಗೆ ಒಳಗೆ ಹೋದ್ರು. ಈಗ ನೋಡ್ರಿ."

ತನುಶ್ರೀ ನೋಟ್‌ಬುಕ್ಕಿನ ರಟ್ಟುಗಳನ್ನು ತೋಳಿಗೆ ಕಟ್ಟಿಕೊಂಡು ಕೋಣೆಯಲ್ಲಿ ಹಾರಾಡುತ್ತಿದ್ದಳು. ಮಂಚದ ಮೇಲೆ ಪಟ್ಟೆ ಪಟ್ಟೆಯ ಜಮಖಾನದ ದೊಡ್ಡ ಸುರುಳಿಯೊಂದು ಬಿದ್ದಿತ್ತು. ಒಂದು ತುದಿಯಲ್ಲಿ ಬಂಗಾರಪ್ಪನವರ ಮೂಗು ಮಾತ್ರ ಕಾಣುತ್ತಿತ್ತು.

"ಸರ್, ಒಂದೇ ಒಂದು ಸಹಿ," ಎಂದಳು ತಸ್ಲೀಮ್, ಪೆನ್ನಿನ ಮುಚ್ಚಳ ತೆಗೆದು.

ಸುರುಳಿಯೊಳಗೆ ಒಂದು ಕಣ್ಣು ತೆರೆಯಿತು. ಫೈಲು ನೋಡಿತು. ಪೆನ್ನು ನೋಡಿತು. ಮೊದಲಿಗಿಂತ ನೆಮ್ಮದಿಯಾಗಿ ಮುಚ್ಚಿಕೊಂಡಿತು.

ತನುಶ್ರೀ ಹಾರಿ ಬಂದು ಅಡ್ಡ ನಿಂತಳು. ಸಣ್ಣವರಿಗೆ ತಿಳಿಹೇಳುವಾಗ ತಸ್ಲೀಮ್ ತೆಗೆಯುವ ದನಿಯನ್ನೇ ತೆಗೆದಳು.

"ಈಗ ಆಗಂಗಿಲ್ಲ ಮಿಸ್. ಅಜ್ಜಗೆ ಇನ್ನೂ ಕೈ ಬಂದಿಲ್ಲ."